ಕಡಲತೀರದ ರಜೆಯಲ್ಲಿ ಸೊಳ್ಳೆ, ನುಸಿ, ಚಗಳಿ, ಉಣುಗು: ಕಚ್ಚಿಸಿಕೊಳ್ಳದೆ ಹೋಗಿ ಬರಲು ಸಮಗ್ರ ಮಾರ್ಗದರ್ಶಿ

ಬೀಚಿಗೆ ಹೊರಡುವವರು ಟೋಪಿ ಮರೆಯುವುದಿಲ್ಲ, ಕೂಲಿಂಗ್ ಗ್ಲಾಸ್ ಮರೆಯುವುದಿಲ್ಲ. ಸೊಳ್ಳೆ ಪರದೆ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಸಮುದ್ರದ ಗಾಳಿ ಇರುವಾಗ ಸೊಳ್ಳೆ ಎಲ್ಲಿಂದ ಬರಬೇಕು ಅನ್ನುವ ನಂಬಿಕೆ. ಅದು ಅರ್ಧ ಸರಿ. ಸೊಳ್ಳೆಗೆ ಗಾಳಿಗೆ ಎದುರಾಗಿ ಹಾರುವ ಶಕ್ತಿ ಇಲ್ಲ, ಅಲೆಯ ಉಪ್ಪು ನೀರಿನಲ್ಲಿ ಅದು ಮೊಟ್ಟೆಯನ್ನೂ ಇಡುವುದಿಲ್ಲ. ಆದರೆ ಗಾಳಿ ದಿನವಿಡೀ ಬೀಸುವುದಿಲ್ಲ, ಅಲ್ವಾ? ಹಗಲು ಕಡಲಿನಿಂದ ನೆಲದ ಕಡೆಗೆ, ರಾತ್ರಿ ನೆಲದಿಂದ ಕಡಲಿನ ಕಡೆಗೆ. ದಿಕ್ಕು ಬದಲಾಗುವ ಹೊತ್ತಿಗೆ, ಅಂದರೆ ಮುಸ್ಸಂಜೆಗೆ ಮತ್ತು ಬೆಳಗಿನ ಜಾವಕ್ಕೆ, ಎಲೆ ಅಲುಗದ ಹಾಗೆ ಗಾಳಿ ನಿಂತುಬಿಡುತ್ತದೆ. ಹುಳಗಳು ಏಳುವುದು ಆಗ. ನಾವು ಸೂರ್ಯಾಸ್ತ ನೋಡಲು ಚಡ್ಡಿ ಹಾಕಿಕೊಂಡು ಮರಳಿನ ಮೇಲೆ ಕೂರುವುದೂ ಆಗಲೇ.

ಹಾಗಾಗಿ ಯಾವ ಕ್ರೀಮು ಒಳ್ಳೆಯದು ಅನ್ನುವುದು ಎರಡನೇ ಪ್ರಶ್ನೆ. ನಿಮ್ಮ ರೂಮಿನ ಹಿಂದೆ ಯಾವ ನೀರು ನಿಂತಿದೆ, ಗಾಳಿ ಯಾವಾಗ ನಿಲ್ಲುತ್ತದೆ, ಇವೆರಡು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲಿ ಬರೆದಿರುವುದು ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕರಾವಳಿಗೆ. ಗೋವಾ, ಕೇರಳದ ಕಡೆ ಹೋಗುವವರಿಗೂ ಬಹುಪಾಲು ಇದೇ ಸಾಕು.

ಮೊದಲು, ಕಚ್ಚುವವು ಯಾವುವು?

ಸೊಳ್ಳೆ ಅಂದರೆ ಒಂದೇ ಜಾತಿ ಅಲ್ಲ. ಕರಾವಳಿಯಲ್ಲಿ ಮೂರನ್ನು ಗುರುತು ಹಿಡಿಯಬೇಕು.

ಈಡಿಸ್ ಹಗಲು ಕಚ್ಚುತ್ತದೆ. ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟೆ. ಬಿಸಿಲೇರಿದ ಮೇಲೆ ಒಂದೆರಡು ಗಂಟೆ ಮತ್ತು ಸೂರ್ಯ ಮುಳುಗುವ ಮೊದಲಿನ ಕೆಲವು ಗಂಟೆ ಇದರ ಕಾಟ ಜಾಸ್ತಿ. ಡೆಂಗ್ಯೂ, ಚಿಕುನ್‌ಗುನ್ಯಾ ಎರಡನ್ನೂ ಹರಡುವುದು ಇದೇ. ಕೊಚ್ಚೆ ಬೇಡ ಇದಕ್ಕೆ, ಬಕೆಟ್ಟಿನ ಶುದ್ಧ ನೀರೇ ಬೇಕು. ಸದ್ದಿಲ್ಲದೆ ಕಾಲಿನ ಗಂಟಿನ ಹತ್ತಿರ, ಮೊಣಕೈ ಹಿಂದೆ ಬಂದು ಕೂರುತ್ತದೆ. ಎಷ್ಟೋ ಸಲ ತುರಿಕೆ ಶುರುವಾದ ಮೇಲೇ ಗೊತ್ತಾಗುವುದು.

ಅನಾಫಿಲಿಸ್ ರಾತ್ರಿಯದು, ಮಲೇರಿಯಾ ತರುತ್ತದೆ. ಗೋಡೆಯ ಮೇಲೆ ಕೂತಾಗ ಹಿಂಭಾಗ ಮೇಲೆತ್ತಿ ಓರೆಯಾಗಿ ಕೂರುತ್ತದೆ, ಹಾಗೆ ಗುರುತು ಹಿಡಿಯಬಹುದು. ಇದರಲ್ಲಿ ಸ್ಟೀಫನ್ಸಿ ಅನ್ನುವ ಜಾತಿ ಬಾವಿ, ಟ್ಯಾಂಕು, ಕಟ್ಟಡ ಕಟ್ಟುವಲ್ಲಿ ನಿಲ್ಲಿಸಿದ ನೀರು ಇಂಥ ಕಡೆ ಬೆಳೆಯುತ್ತದೆ. ಮಂಗಳೂರು ದಶಕಗಳ ಕಾಲ ಮಲೇರಿಯಾಕ್ಕೆ ಹೆಸರಾಗಿದ್ದದ್ದು ಹೀಗೆ. ಈಗ ಅಲ್ಲಿ ಪ್ರಕರಣಗಳು ತುಂಬಾ ಇಳಿದಿವೆ, ಆದರೂ ಹುಷಾರು ಬಿಡಬಾರದು.

ಕ್ಯೂಲೆಕ್ಸ್ ಚರಂಡಿ, ಶೌಚದ ಗುಂಡಿಯ ಸೊಳ್ಳೆ. ಕಿವಿಯ ಹತ್ತಿರ ಗುಂಯ್ ಅಂದು ರಾತ್ರಿ ನಿದ್ದೆ ಕೆಡಿಸುವುದು ಹೆಚ್ಚಾಗಿ ಇದು. ಆನೆಕಾಲು ರೋಗ ಹರಡುವ ಜಾತಿ ಇದರಲ್ಲಿದೆ.

ಇವಲ್ಲದೆ ನುಸಿ ಇದೆ. ಒಂದರಿಂದ ಮೂರು ಮಿಲಿಮೀಟರ್ ಅಷ್ಟೇ, ಸರಿಯಾಗಿ ಕಣ್ಣಿಗೆ ಬೀಳುವುದೂ ಇಲ್ಲ. ನದಿ ಕಡಲು ಸೇರುವ ಅಳಿವೆಯ ಕೆಸರು, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬುಡ, ಕೊಳೆತ ಕಸ ಬಿದ್ದ ಒದ್ದೆ ಮರಳು ಇದರ ಜಾಗ. ಕಚ್ಚಿದರೆ ಸೊಳ್ಳೆಗಿಂತ ಕೆಟ್ಟ ತುರಿಕೆ, ದಿನಗಟ್ಟಲೆ ಹೋಗುವುದಿಲ್ಲ. ಬೀಚಿನಿಂದ ಬಂದವರ ಪಾದದ ತುಂಬ ಕೆಂಪು ಚುಕ್ಕೆ ಇದ್ದರೆ ಸೊಳ್ಳೆಯನ್ನು ಬೈಯುವ ಮೊದಲು ನುಸಿಯನ್ನು ಅನುಮಾನಿಸಿ.

ರೂಮು ಬುಕ್ ಮಾಡುವಾಗ

ನಕ್ಷೆ ತೆಗೆದು ಸ್ಯಾಟಲೈಟ್ ನೋಟದಲ್ಲಿ ರೂಮಿನ ಸುತ್ತ ನೋಡಿ. ಎದುರು ಕಡಲು ಇದೆಯಾ ಅಂತ ಎಲ್ಲರೂ ನೋಡುತ್ತಾರೆ. ನೀವು ಹಿಂದೆ ಏನಿದೆ ನೋಡಿ. ನಮ್ಮ ಕರಾವಳಿಯಲ್ಲಿ ಬೀಚಿನ ಹಿಂದೆಯೇ ನದಿ ಇರುವ ಜಾಗಗಳು ಬೇಕಾದಷ್ಟಿವೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಕೋಡಿಬೆಂಗ್ರೆಯಲ್ಲಿ ಕಡಲಿಗೂ ನದಿಗೂ ನಡುವೆ ಇರುವುದು ಕಿರಿದಾದ ಒಂದು ಪಟ್ಟಿ ನೆಲ. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ, ಕಾರವಾರದಲ್ಲಿ ಕಾಳಿಯ ಕಾಂಡ್ಲಾ, ಗೋಕರ್ಣದ ಪಕ್ಕ ಅಘನಾಶಿನಿಯ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆಗಳು. ಜಾಗ ಚೆಂದ, ಅಲ್ಲಿ ಉಳಿಯಬೇಡಿ ಅಂತ ನಾನು ಹೇಳುವುದೇ ಇಲ್ಲ, ಕಾಂಡ್ಲಾದೊಳಗಿನ ಹಲಗೆ ದಾರಿಯಲ್ಲಿ ನಡೆಯದೆ ಹೊನ್ನಾವರದಿಂದ ವಾಪಸ್ ಬಂದರೆ ನಷ್ಟ ನಿಮಗೇ. ಆದರೆ ಹಿನ್ನೀರಿನ ದಂಡೆಯ ರೂಮಿಗೆ ತಯಾರಿ ಬೇರೆ, ಗುಡ್ಡದ ಮೇಲೆ ಗಾಳಿಗೆ ತೆರೆದ ರೂಮಿಗೆ ತಯಾರಿ ಬೇರೆ.

ಎತ್ತರದ ರೂಮು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಕೆಳಮಹಡಿಗಿಂತ ಮೇಲಿನ ಮಹಡಿಯಲ್ಲಿ ಗಾಳಿ ಜಾಸ್ತಿ, ಸೊಳ್ಳೆ ಕಡಿಮೆ.

ಆಮೇಲೆ ಫೋನ್ ಮಾಡಿ. ಸೊಳ್ಳೆ ಇದೆಯಾ ಅಂತ ಕೇಳಿದರೆ ಇಲ್ಲ ಅನ್ನುವ ಉತ್ತರವೇ ಬರುತ್ತದೆ, ಅದನ್ನು ಕೇಳಿ ಪ್ರಯೋಜನವಿಲ್ಲ. ಹೀಗೆ ಕೇಳಿ: ಕಿಟಕಿಗೆ ಮೆಶ್ ಇದೆಯಾ? ಬಾತ್‌ರೂಮಿನ ವೆಂಟಿಲೇಟರಿಗೂ ಇದೆಯಾ? ಮಂಚದ ಮೇಲೆ ಪರದೆ ಕಟ್ಟಲು ಕೊಕ್ಕೆ ಇದೆಯಾ? ಕರೆಂಟ್ ಹೋದರೆ ಫ್ಯಾನ್ ಇನ್ವರ್ಟರಿನಲ್ಲಿ ತಿರುಗುತ್ತದಾ? ಕೊನೆಯ ಪ್ರಶ್ನೆ ಬಹಳ ಮುಖ್ಯ. ಮಳೆ ಗಾಳಿಗೆ ಕರಾವಳಿಯಲ್ಲಿ ಕರೆಂಟ್ ಹೋಗುವುದು ಮಾಮೂಲಿ. ಫ್ಯಾನೂ ಇಲ್ಲ, ಲಿಕ್ವಿಡ್ ಮಶೀನೂ ಇಲ್ಲ ಅಂತಾದಾಗ ಪರದೆ ಒಂದೇ ಕಾಯುವುದು.

ಹಳೇ ಹೆಂಚಿನ ಮನೆ, ಬಿದಿರು ಗುಡಿಸಲು, ಶ್ಯಾಕ್ ಇಂಥಲ್ಲಿ ಉಳಿಯುವವರಿಗೆ ಒಂದು ಮಾತು. ಮಾಡಿಗೂ ಗೋಡೆಗೂ ನಡುವೆ ಕೈ ಹೋಗುವಷ್ಟು ಸಂದು ಇರುತ್ತದೆ. ಅಲ್ಲಿ ಗುಡ್‌ನೈಟೋ ಆಲ್‌ಔಟೋ ಹಚ್ಚಿಟ್ಟರೆ ಅದರ ಆವಿ ಮೇಲಿಂದ ಹೊರಗೆ ಹೋಗುತ್ತದೆ, ಸೊಳ್ಳೆ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಅಂಥ ಕಡೆ ಪರದೆ ಇಲ್ಲದೆ ಹೋಗಬೇಡಿ.

ಯಾವ ತಿಂಗಳು ಹೋಗುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಈಡಿಸ್‌ಗೆ ಎಲ್ಲಿ ನೋಡಿದರೂ ನೀರು. ಮಳೆ ಬಿಟ್ಟು ಬಿಟ್ಟು ಬರುವ ಅಕ್ಟೋಬರ್‌ನಲ್ಲಿ ನಿಂತ ನೀರು ಹಾಗೇ ಉಳಿದು ಕಾಟ ಮುಂದುವರಿಯುತ್ತದೆ. ಜನವರಿ, ಫೆಬ್ರವರಿಯಲ್ಲಿ ಒಣ ಹವೆ, ಆಗ ಎಲ್ಲಕ್ಕಿಂತ ಆರಾಮ.

ಬ್ಯಾಗಿಗೆ ಏನೇನು ಹಾಕಬೇಕು

ಸೊಳ್ಳೆ ಪರದೆ ಮೊದಲು. ಮಡಚಿ ಇಡುವ ಡೇರೆಯಂಥದ್ದಾದರೆ ಕೊಕ್ಕೆಯ ಚಿಂತೆ ಇಲ್ಲ. ಕಟ್ಟುವ ಪರದೆಯಾದರೆ ಹತ್ತು ಮೀಟರ್ ನೈಲಾನ್ ಹಗ್ಗ, ನಾಲ್ಕು ಸೇಫ್ಟಿ ಪಿನ್ ಜೊತೆಗಿರಲಿ. ಸಾಮಾನ್ಯ ಸೊಳ್ಳೆ ಪರದೆಗೆ ಚದರ ಇಂಚಿಗೆ 156 ತೂತು ಇದ್ದರೆ ಸಾಕು. ನುಸಿಗೆ ಅದು ಸಾಲದು, ಅದು ಆ ತೂತಿನಲ್ಲೇ ನುಗ್ಗುತ್ತದೆ. ಅಳಿವೆ ಬದಿಯಲ್ಲಿ ಉಳಿಯುವವರು ಇನ್ನೂ ಸಣ್ಣ ಕಣ್ಣಿನ ಪರದೆ ಹುಡುಕಿ, ಇಲ್ಲ ಪರದೆಯ ಜೊತೆಗೆ ಫ್ಯಾನ್ ಗಾಳಿ ನೇರ ಮಂಚಕ್ಕೆ ಬರುವ ಹಾಗೆ ಮಾಡಿಕೊಳ್ಳಿ.

ಬಟ್ಟೆ: ತಿಳಿ ಬಣ್ಣದ, ಸಡಿಲವಾದ, ಪೂರ್ತಿ ತೋಳಿನ ಒಂದು ಅಂಗಿ ಮತ್ತು ಉದ್ದದ ಪ್ಯಾಂಟು, ಇವು ಸಂಜೆಗೆ ಅಂತಲೇ. ಮೈಗೆ ಅಂಟಿದ ಲೆಗ್ಗಿಂಗ್ಸಿನ ಮೇಲಿಂದಲೇ ಸೊಳ್ಳೆ ಚುಚ್ಚುತ್ತದೆ. ಕಪ್ಪು, ಕಡುನೀಲಿ ಬಣ್ಣಕ್ಕೆ ಅದು ಬೇಗ ಬರುತ್ತದೆ. ಒಂದು ಜೊತೆ ಕಾಲುಚೀಲ ಇರಲಿ. ಬೀಚಿಗೆ ಕಾಲುಚೀಲ ಯಾಕೆ ಅಂತ ಮನೆಯವರು ನಗಬಹುದು, ಸಂಜೆ ಆರೂವರೆಗೆ ಅವರೇ ಕೇಳುತ್ತಾರೆ.

ಇನ್ನುಳಿದವು: ಮೈಗೆ ಹಚ್ಚುವ ಕ್ರೀಮು ಅಥವಾ ಸ್ಪ್ರೇ, ಲಿಕ್ವಿಡ್ ಮಶೀನು ಮತ್ತು ಒಂದು ರೀಫಿಲ್, ಟಾರ್ಚು, ಹರಿದ ಮೆಶ್‌ಗೆ ಅಂಟಿಸಲು ಅಗಲದ ಟೇಪು, ಕ್ಯಾಲಮೈನ್ ಲೋಶನ್, ಸೆಟ್ರಿಜಿನ್ ಮಾತ್ರೆ, ಪ್ಯಾರಾಸಿಟಮಾಲ್, ಮೊನಚು ತುದಿಯ ಒಂದು ಚಿಮ್ಟಿ. ಬೈರಾಸ (ಟವೆಲ್) ಎರಡು ಜಾಸ್ತಿಯೇ ಇರಲಿ, ಕೂರಲು, ಹೊದೆಯಲು, ಕಾಲು ಮುಚ್ಚಲು ಎಲ್ಲಕ್ಕೂ ಬರುತ್ತದೆ.

ರೂಮಿಗೆ ಹೋದ ಮೊದಲ ಅರ್ಧ ಗಂಟೆ

ಬ್ಯಾಗ್ ಬಿಸಾಕಿ ಸೀದಾ ನೀರಿಗೆ ಓಡುವ ಆಸೆ ಎಲ್ಲರಿಗೂ. ಅರ್ಧ ಗಂಟೆ ತಡೆಯಿರಿ.

ಬ್ಯಾಗುಗಳನ್ನು ಹಾಸಿಗೆ ಮೇಲೆ ಇಡಬೇಡಿ, ಕುರ್ಚಿ ಮೇಲಿಡಿ. ಬೆಡ್‌ಶೀಟ್ ಎತ್ತಿ ಹಾಸಿಗೆಯ ಹೊಲಿಗೆ, ಮಂಚದ ತಲೆಭಾಗದ ಸಂದಿ ಟಾರ್ಚ್ ಬಿಟ್ಟು ನೋಡಿ. ಮಸಿಯಂಥ ಕಪ್ಪು ಚುಕ್ಕೆ ಕಂಡರೆ ತಿಗಣೆ. ರೂಮು ಬದಲಿಸಿ ಅಂತ ಕೇಳಿ, ಸಂಕೋಚ ಬೇಡ. ತಿಗಣೆ ರೋಗ ತರುವುದಿಲ್ಲ, ಆದರೆ ನಿಮ್ಮ ಬ್ಯಾಗಿನಲ್ಲಿ ಕೂತು ಮನೆಗೆ ಬಂದರೆ ತಿಂಗಳುಗಟ್ಟಲೆ ಹೋಗುವುದಿಲ್ಲ.

ಬಾತ್‌ರೂಮಿನಲ್ಲಿ ತುಂಬಿಟ್ಟ ಬಕೆಟ್ ಇದ್ದರೆ ಚೆಲ್ಲಿ. ಕಮೋಡಿನ ಮುಚ್ಚಳ ಹಾಕಿ. ವೆಂಟಿಲೇಟರಿನ ಗಾಜಿನ ಪಟ್ಟಿಗಳ ನಡುವೆ ಮೆಶ್ ಇಲ್ಲದಿದ್ದರೆ ಬಾತ್‌ರೂಮಿನ ಬಾಗಿಲನ್ನು ಯಾವಾಗಲೂ ಮುಚ್ಚಿಡಿ. ಎಷ್ಟೋ ರೂಮುಗಳಲ್ಲಿ ಸೊಳ್ಳೆ ಬರುವುದು ಕಿಟಕಿಯಿಂದಲ್ಲ, ಇಲ್ಲಿಂದ.

ಮಂಚದಡಿ, ಕಿಟಕಿ ಪರದೆಯ ಮಡಿಕೆ, ಕಪಾಟಿನ ಒಳಗೆ, ತೂಗುಹಾಕಿದ ಬಟ್ಟೆಯ ಹಿಂದೆ ಹಗಲು ಹೊತ್ತು ಸೊಳ್ಳೆ ಅಡಗಿರುತ್ತದೆ. ಬೈರಾಸದಿಂದ ಒಮ್ಮೆ ಬೀಸಿ ಎಬ್ಬಿಸಿ, ಬ್ಯಾಟು ಇದ್ದರೆ ಆಗಲೇ ಕೆಲಸ ಮುಗಿಸಿ.

ಈಗ ಹೊರಗೆ ಹೋಗಿ ಕಟ್ಟಡದ ಹಿಂಭಾಗಕ್ಕೆ ಒಂದು ಸುತ್ತು ಹಾಕಿ. ಹೂಕುಂಡದ ಕೆಳಗಿನ ತಟ್ಟೆ, ಏಸಿಯಿಂದ ತೊಟ್ಟಿಕ್ಕುವ ನೀರು ಹಿಡಿದ ಡಬ್ಬ, ಮುಚ್ಚಳವಿಲ್ಲದ ಡ್ರಮ್ಮು, ಎಳನೀರು ಕುಡಿದು ಎಸೆದ ಬುರುಡೆ, ತೆಂಗಿನ ಗೆರಟೆ, ಮಡಚಿಕೊಂಡು ಬಿದ್ದ ಅಡಿಕೆ ಹಾಳೆ, ದೋಣಿ ಮುಚ್ಚಿದ ಟಾರ್ಪಾಲಿನ ತಗ್ಗು. ಡ್ರಮ್ಮಿನ ಬದಿಗೆ ಬೆರಳಿನಿಂದ ಟಕ್ ಅಂತ ಒಂದು ತಟ್ಟಿ ನೋಡಿ. ಮೇಲ್ಮೈಗೆ ತಲೆಕೆಳಗಾಗಿ ಜೋತುಬಿದ್ದ ಕೂದಲಿನಷ್ಟು ತೆಳ್ಳಗಿನ ಮರಿಗಳು ಒಮ್ಮೆಲೇ ಮೈ ಕೊಂಕಿಸುತ್ತಾ ತಳಕ್ಕೆ ಇಳಿಯುತ್ತವೆ. ಸ್ವಲ್ಪ ಹೊತ್ತು ತಾಳಿದರೆ ಉಸಿರಾಡಲು ಒಂದೊಂದಾಗಿ ಮೇಲೆ ಬರುತ್ತವೆ. ಅವೇ ಇನ್ನು ಕೆಲವೇ ದಿನಗಳಲ್ಲಿ ಹಾರುವ ಸೊಳ್ಳೆ. ಮೊಟ್ಟೆಯಿಂದ ಸೊಳ್ಳೆಯಾಗಲು ಇಲ್ಲಿನ ಸೆಖೆಗೆ ಏಳರಿಂದ ಹತ್ತು ದಿನ ಸಾಕು.

ಕಂಡರೆ ಸುಮ್ನೆ ಬರಬೇಡಿ. "ಅಕ್ಕಾ, ಹಿಂದಿನ ಡ್ರಮ್ಮಿನಲ್ಲಿ ಹುಳ ಆಗಿದೆ, ಚೆಲ್ಲಿಬಿಡಬಹುದಾ?" ಅಂತ ರೂಮು ಕೊಟ್ಟ ಮನೆಯವರನ್ನು ಕೇಳಿ, ಹೆಚ್ಚಿನವರು ಒಳ್ಳೆಯ ಮನಸ್ಸಿನಿಂದಲೇ ಚೆಲ್ಲುತ್ತಾರೆ. ನೀರನ್ನು ಮಣ್ಣಿನ ಮೇಲೆ ಚೆಲ್ಲಬೇಕು, ಚರಂಡಿಗಲ್ಲ. ಡ್ರಮ್ಮಿನ ಒಳಗೋಡೆಯನ್ನು ತಿಕ್ಕಿಸಿ ಕೂಡ, ಯಾಕೆಂದರೆ ಈಡಿಸ್ ಮೊಟ್ಟೆ ನೀರಿನ ಅಂಚಿನ ಮೇಲೆ ಗೋಡೆಗೆ ಅಂಟಿರುತ್ತದೆ, ತಿಂಗಳುಗಟ್ಟಲೆ ಒಣಗಿದ್ದರೂ ಮತ್ತೆ ನೀರು ತಾಗಿದ ಕೂಡಲೇ ಒಡೆಯುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಜಾಗದ ಮಾಲೀಕರಿಗೆ ದಂಡ ಹಾಕುವ ನಿಯಮವನ್ನೂ ತಂದಿದೆ. ಅತಿಥಿಯಾಗಿ ನೀವು ದಂಡದ ಮಾತೆತ್ತಬೇಕಾಗಿಲ್ಲ, ಆದರೆ ಕೇಳುವ ಹಕ್ಕು ನಿಮಗಿದೆ.

ದಿನದ ಗಡಿಯಾರ

ಬೆಳಗಿನ ಜಾವ ಸೂರ್ಯೋದಯಕ್ಕೆ ಅಳಿವೆ ಬದಿ ನಡೆಯುವ ಆಸೆ ಇದ್ದರೆ ಉದ್ದ ಪ್ಯಾಂಟು, ಮುಚ್ಚಿದ ಚಪ್ಪಲಿ. ನುಸಿಯ ಹೊತ್ತು ಅದು. ಎಂಟರ ನಂತರ ತಿಂಡಿಗೆ ಜಗಲಿಯಲ್ಲಿ ಕೂರುವಾಗ ಈಡಿಸ್‌ನ ಹೊತ್ತು, ಮೇಜಿನ ಅಡಿಯ ನೆರಳಿನಲ್ಲಿ ಕಾಲಿಗೆ ಬರುತ್ತದೆ. ಕಾಲಿಗೆ ಕ್ರೀಮು ಹಚ್ಚಿಕೊಂಡೇ ಕೂತುಕೊಳ್ಳಿ, ಫ್ಯಾನ್ ಇದ್ದರೆ ಮುಖಕ್ಕಲ್ಲ, ಕಾಲಿನ ಮಟ್ಟಕ್ಕೆ ತಿರುಗಿಸಿ. ಫ್ಯಾನು ಎರಡು ರೀತಿ ಕೆಲಸ ಮಾಡುತ್ತದೆ: ಸೊಳ್ಳೆಗೆ ಹಾರಲು ಬಿಡುವುದಿಲ್ಲ, ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಬೆವರಿನ ವಾಸನೆಯನ್ನೂ ಚದುರಿಸುತ್ತದೆ. ಸೊಳ್ಳೆ ನಮ್ಮನ್ನು ಹುಡುಕುವುದು ಆ ಜಾಡು ಹಿಡಿದೇ.

ಹತ್ತೂವರೆ ಹನ್ನೊಂದರಿಂದ ಮಧ್ಯಾಹ್ನದವರೆಗೆ ಕಡಲಗಾಳಿ ಜೋರಾಗುತ್ತದೆ. ತೆರೆದ ಮರಳಿನ ಮೇಲೆ ಹುಳದ ಚಿಂತೆ ಬೇಡ, ಬಿಸಿಲಿನದ್ದು ಮಾತ್ರ. ಗಾಳಿಮರದ ತೋಪಿನ ಒಳಗೆ, ಬಂಡೆಯ ಮರೆಯಲ್ಲಿ ಗಾಳಿ ಇರುವುದಿಲ್ಲ, ಅಲ್ಲಿ ಕೂರುವವರು ಹುಷಾರು.

ಸಂಜೆ ಐದೂವರೆಗೆ ಮರಳಿ ರೂಮಿಗೆ ಬಂದು, ಉಪ್ಪು ಬೆವರು ತೊಳೆಯುವ ಹಾಗೆ ಸ್ನಾನ ಮಾಡಿ, ಸಂಜೆಯ ಬಟ್ಟೆ ಹಾಕಿ, ಕಿಟಕಿ ಬಾಗಿಲು ಮುಚ್ಚಿ, ಮಶೀನು ಹಚ್ಚಿ, ಮೈ ತೆರೆದಿರುವಲ್ಲಿ ಕ್ರೀಮು ಹಚ್ಚಿಕೊಂಡು ಆಮೇಲೆ ಸೂರ್ಯಾಸ್ತಕ್ಕೆ ಹೋಗಿ. ಈ ಒಂದು ಅಭ್ಯಾಸ ಮಾಡಿಕೊಂಡರೆ ಮುಕ್ಕಾಲು ಪಾಲು ಕಡಿತ ತಪ್ಪುತ್ತದೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಕೂರುವುದು ಒದ್ದೆ ಮರಳಿನ ಮೇಲೆ ಬೇಡ, ಕುರ್ಚಿಯೋ ದಪ್ಪ ಚಾಪೆಯೋ ಇರಲಿ, ಬೈರಾಸದಿಂದ ಪಾದ ಮುಚ್ಚಿಕೊಳ್ಳಿ. ಕಡಲು ಕೊಚ್ಚಿ ತಂದ ಪಾಚಿ, ಕಸದ ರಾಶಿಯಿಂದ ದೂರ ಕೂತುಕೊಳ್ಳಿ.

ರಾತ್ರಿ ಗಾಳಿ ನೆಲದ ಕಡೆಯಿಂದ ಬರುತ್ತದೆ, ಗದ್ದೆ ತೋಟದ ಸೊಳ್ಳೆಯೂ ಅದರ ಜೊತೆ ತೀರಕ್ಕೆ ಬರುತ್ತದೆ. ಪರದೆಯನ್ನು ಕತ್ತಲಾಗುವ ಮೊದಲೇ ಕಟ್ಟಿ, ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ, ಒಳಗೆ ಟಾರ್ಚ್ ಬಿಟ್ಟು ಒಂದು ಸಲ ನೋಡಿ. ಮೊಣಕಾಲು, ಮೊಣಕೈ ಪರದೆಗೆ ತಾಗಿದರೆ ಹೊರಗಿನಿಂದಲೇ ಕಚ್ಚುತ್ತದೆ, ಹಾಗಾಗಿ ಮಂಚದ ನಡುವೆ ಮಲಗಿ. ಏಸಿ ಇದ್ದರೆ ಹಾಕಿ, ತಂಪಿನಲ್ಲಿ ಸೊಳ್ಳೆ ಮಂಕಾಗುತ್ತದೆ, ಕಿಟಕಿಯೂ ಮುಚ್ಚಿರುತ್ತದೆ.

ಕ್ರೀಮು, ಸ್ಪ್ರೇ: ಯಾವುದು, ಹೇಗೆ

ಡೀಟ್ ಅನ್ನುವ ರಾಸಾಯನಿಕ ಎಲ್ಲಕ್ಕಿಂತ ಹಳೆಯದು, ಹೆಚ್ಚು ಪರೀಕ್ಷೆ ಆದದ್ದು. ಶೇ. 10 ಇದ್ದರೆ ಸುಮಾರು 2 ಗಂಟೆ, ಶೇ. 24ರ ಆಸುಪಾಸಿನಲ್ಲಿದ್ದರೆ ಸುಮಾರು 5 ಗಂಟೆ ಕಾಯುತ್ತದೆ. ಶೇಕಡಾ ಜಾಸ್ತಿಯಾದರೆ ಹೆಚ್ಚು ಹೊತ್ತು ಇರುತ್ತದೆ ಅಷ್ಟೇ, ಶೇ. 30ಕ್ಕಿಂತ ಮೇಲೆ ಹೋಗುವ ಅಗತ್ಯ ರಜೆಗೆ ಇಲ್ಲ. ಒಂದು ತೊಂದರೆ ಇದೆ: ಕೂಲಿಂಗ್ ಗ್ಲಾಸಿನ ಫ್ರೇಮು, ವಾಚಿನ ಪಟ್ಟಿ, ಫೋನಿನ ಕವರು ಇಂಥ ಪ್ಲಾಸ್ಟಿಕ್ಕನ್ನು ಅದು ಕರಗಿಸುತ್ತದೆ. ಹಚ್ಚಿದ ಕೈ ತೊಳೆದು ಆಮೇಲೆ ಫೋನು ಮುಟ್ಟಿ.

ಇಕಾರಿಡಿನ್, ಪಿಕಾರಿಡಿನ್ ಅಂತ ಬರೆದಿದ್ದರೆ ಎರಡೂ ಒಂದೇ. ಶೇ. 20ರದ್ದು ಸಿಕ್ಕರೆ ಬಹಳ ಒಳ್ಳೆಯದು, ಅಂಟಂಟು ಇಲ್ಲ, ವಾಸನೆ ಇಲ್ಲ, ಪ್ಲಾಸ್ಟಿಕ್ಕಿಗೆ ತೊಂದರೆ ಇಲ್ಲ, ನುಸಿಗೂ ಆಗುತ್ತದೆ. ಎಲ್ಲ ಅಂಗಡಿಯಲ್ಲೂ ಸಿಗುವ ಓಡೋಮಸ್ ಕ್ರೀಮಿನಲ್ಲಿ ಇರುವುದು ಡೀಟ್ ಅಲ್ಲ, ಅದರ ಹತ್ತಿರದ ಸಂಬಂಧಿ, ಎನ್,ಎನ್-ಡೈಈಥೈಲ್ ಬೆಂಜಮೈಡ್, ಶೇ. 12. ಸೊಳ್ಳೆಗೆ ಧಾರಾಳವಾಗಿ ಆಗುತ್ತದೆ.

ಹಚ್ಚುವ ಕ್ರಮ ಹೀಗಿರಲಿ. ಮೊದಲು ಸನ್‌ಸ್ಕ್ರೀನ್. ಕಾಲು ಗಂಟೆ ಬಿಟ್ಟು, ಅದು ಚರ್ಮಕ್ಕೆ ಹಿಡಿದ ಮೇಲೆ ಸೊಳ್ಳೆ ಕ್ರೀಮು. ತಿರುಗುಮುರುಗು ಮಾಡಬೇಡಿ, ಎರಡೂ ಸೇರಿರುವ ಟ್ಯೂಬೂ ಬೇಡ, ಯಾಕೆಂದರೆ ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಹಚ್ಚಬೇಕು, ಸೊಳ್ಳೆ ಕ್ರೀಮನ್ನು ಅಷ್ಟು ಸಲ ಹಚ್ಚಬಾರದು. ಬಟ್ಟೆಯ ಒಳಗೆ, ಗಾಯದ ಮೇಲೆ ಹಚ್ಚುವುದು ಬೇಡ. ಕಾಲಿನ ಗಂಟು, ಹಿಮ್ಮಡಿ, ಪಾದದ ಮೇಲ್ಭಾಗ, ಕಿವಿಯ ಹಿಂದೆ, ಕುತ್ತಿಗೆ ಮರೆಯಬೇಡಿ. ಎರಡು ಇಂಚು ಜಾಗ ಬಿಟ್ಟರೂ ಸೊಳ್ಳೆ ಅದನ್ನೇ ಹುಡುಕುತ್ತದೆ. ನೀರಿಗಿಳಿದು ಬಂದರೆ ಹಚ್ಚಿದ್ದು ಹೋಯಿತು ಅಂತಲೇ ಲೆಕ್ಕ. ರಾತ್ರಿ ಪರದೆಯೊಳಗೆ ಮಲಗುವ ಮೊದಲು ತೊಳೆದುಕೊಳ್ಳಿ.

ಮಕ್ಕಳಿಗೆ: ಎರಡು ತಿಂಗಳೊಳಗಿನ ಕೂಸಿಗೆ ಯಾವ ಕ್ರೀಮೂ ಬೇಡ, ತೊಟ್ಟಿಲಿಗೆ ಪರದೆ ಹಾಕಿ. ಅದಕ್ಕಿಂತ ದೊಡ್ಡ ಮಕ್ಕಳಿಗೆ ನಿಮ್ಮ ಕೈಗೆ ಹಾಕಿಕೊಂಡು ಅವರಿಗೆ ಸವರಿ. ಅವರ ಅಂಗೈಗೆ, ಬಾಯಿ ಕಣ್ಣಿನ ಹತ್ತಿರ ಹಚ್ಚಬೇಡಿ. ನಿಂಬೆ ವಾಸನೆಯ ನೀಲಗಿರಿ ಎಣ್ಣೆಯಿಂದ ಮಾಡಿದ್ದು ಮೂರು ವರ್ಷದೊಳಗಿನವರಿಗೆ ಆಗದು. ಮನೆಮದ್ದು ಅಂತ ಕರ್ಪೂರ ಹಾಕಿದ ಎಣ್ಣೆಯನ್ನು ಎಳೆಯ ಮಕ್ಕಳ ಮೈಗೆ ಹಚ್ಚಲೇಬೇಡಿ, ಕರ್ಪೂರ ಮೈಗೆ ಸೇರಿದರೆ ಮಗುವಿಗೆ ಫಿಟ್ಸ್ ಬರಬಹುದು. ಬಸುರಿಯರು ಕ್ರೀಮು ಹಚ್ಚಲು ಹೆದರುತ್ತಾರೆ. ಡೀಟ್ ಅನ್ನು ಡಬ್ಬಿಯ ಮೇಲೆ ಹೇಳಿದಂತೆ ಬಳಸಿದರೆ ಅಡ್ಡಿಯಿಲ್ಲ, ಆ ಹೊತ್ತಿನಲ್ಲಿ ಮಲೇರಿಯಾ ಬಂದರೆ ಅಪಾಯ ಎಷ್ಟೋ ದೊಡ್ಡದು. ಅನುಮಾನ ಇದ್ದರೆ ಹೊರಡುವ ಮೊದಲು ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ.

ಸುರುಳಿ ಬತ್ತಿ ಹೊರಗಿನ ಜಗಲಿಗೆ ಸರಿ, ಮುಚ್ಚಿದ ರೂಮಿಗೆ ಬೇಡವೇ ಬೇಡ. ಒಂದು ಸುರುಳಿ ಉರಿದರೆ ಬರುವ ಸಣ್ಣ ಕಣಗಳ ಹೊಗೆ 75ರಿಂದ 137 ಸಿಗರೇಟಿನ ಹೊಗೆಗೆ ಸಮ ಅಂತ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ಹೇಳಿದೆ. ಮಕ್ಕಳು, ಉಬ್ಬಸ ಇರುವವರು ಮಲಗುವ ರೂಮಿನಲ್ಲಿ ಇದನ್ನು ಹಚ್ಚುವುದು ನನಗೆ ಒಪ್ಪಿಗೆಯೇ ಇಲ್ಲ.

ಕೆಲಸ ಮಾಡದವು ಕೆಲವಿವೆ. ಸದ್ದು ಮಾಡುವ ಅಲ್ಟ್ರಾಸಾನಿಕ್ ಮಶೀನು, ಫೋನಿನ ಆಪು, ಬಿ1 ವಿಟಮಿನ್ ಮಾತ್ರೆ, ಬೆಳ್ಳುಳ್ಳಿ ತಿನ್ನುವುದು. ನೀಲಿ ದೀಪದ ಡಬ್ಬಿಗೆ ಬಿದ್ದು ಸಾಯುವುದು ಹೆಚ್ಚಾಗಿ ಪತಂಗ, ಸೊಳ್ಳೆಯಲ್ಲ. ಸಿಟ್ರೊನೆಲ್ಲಾ ಎಣ್ಣೆಗೆ ಸ್ವಲ್ಪ ಶಕ್ತಿ ಇದೆ, ಒಂದೆರಡು ಗಂಟೆಯೂ ನಿಲ್ಲುವುದಿಲ್ಲ.

ಸೊಳ್ಳೆಯಲ್ಲದ ಉಳಿದವು

ಚಗಳಿ, ಅಂದರೆ ಮರದಲ್ಲಿ ಗೂಡು ಕಟ್ಟುವ ಕೆಂಪಿರುವೆ. ಮಾವು, ಗೇರು, ಹೊನ್ನೆ ಮರಗಳಲ್ಲಿ ಹಸಿರು ಎಲೆಗಳನ್ನು ಸೇರಿಸಿ ಹೊಲಿದ ದುಂಡನೆ ಗೂಡು ಕಂಡರೆ ಅದು ಇವುಗಳದ್ದು. ಜೋಕಾಲಿ ಕಟ್ಟುವ ಮೊದಲು ತಲೆ ಎತ್ತಿ ನೋಡಿ, ಕಾಂಡದ ಮೇಲೆ ಕೆಂಪಿರುವೆ ಸಾಲು ಇದೆಯಾ ನೋಡಿ. ಕಚ್ಚಿದ ಕಡೆ ಆಮ್ಲ ಚಿಮ್ಮಿಸುತ್ತವೆ, ಉರಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಗೂಡಿಗೆ ಕೋಲು ಹಾಕಬೇಡಿ. ಊರಿನವರು ಅದನ್ನು ಚಟ್ನಿಗೆ ಅಂತ ಕಾದಿಟ್ಟಿರಲೂಬಹುದು.

ಸುಡುವ ಹುಳ. ಇದನ್ನು ಗೊತ್ತಿರುವವರು ಕಡಿಮೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಳೆಯ ದಿನಗಳಲ್ಲಿ, ಗದ್ದೆ ಬದಿಯ ಮನೆಗಳಲ್ಲಿ, ರಾತ್ರಿ ಟ್ಯೂಬ್‌ಲೈಟಿಗೆ ಬರುವ ತೆಳ್ಳನೆಯ ಒಂದು ಹುಳ, ಒಂದು ಸೆಂಟಿಮೀಟರಿಗೂ ಕಡಿಮೆ, ಕಿತ್ತಳೆ ಮತ್ತು ಕಪ್ಪು ಬಣ್ಣ ಅಡ್ಡಡ್ಡ. ಅದು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಕುತ್ತಿಗೆ ಮೇಲೆ ಏನೋ ಹರಿದ ಹಾಗಾಗಿ ನಾವು ತಟ್ಟಿ ಉಜ್ಜಿಬಿಡುತ್ತೇವೆ, ಆಗ ಅದರ ಮೈಯೊಳಗಿನ ವಿಷ ಚರ್ಮಕ್ಕೆ ತಾಗುತ್ತದೆ. ಆ ಕ್ಷಣ ಏನೂ ಆಗುವುದಿಲ್ಲ. ಒಂದೆರಡು ದಿನ ಕಳೆದು ಬೆರಳು ಎಳೆದ ದಾರಿಯಲ್ಲೇ ಉದ್ದಕ್ಕೆ ಕೆಂಪಾಗಿ ಸುಟ್ಟ ಗುಳ್ಳೆ ಏಳುತ್ತದೆ. ಸರ್ಪಸುತ್ತು ಅಂತ ಗಾಬರಿಯಾಗುವವರೂ ಇದ್ದಾರೆ. ಮೈ ಮೇಲೆ ಕಂಡರೆ ಊದಿ ಬೀಳಿಸಿ, ಇಲ್ಲ ಕಾಗದದ ತುಂಡಿಗೆ ಹತ್ತಿಸಿ ಎಸೆಯಿರಿ. ಜಜ್ಜಿಹೋಗಿದ್ದರೆ ಕೂಡಲೇ ಸೋಪು ನೀರಿನಲ್ಲಿ ತೊಳೆಯಿರಿ, ಆ ಕೈಯಿಂದ ಕಣ್ಣು ಮುಟ್ಟಬೇಡಿ. ಮಲಗುವ ಜಾಗದ ನೇರ ಮೇಲೆ ದೀಪ ಉರಿಸಬೇಡಿ.

ಮೊದಲ ಮಳೆಗೆ ರೆಕ್ಕೆಯ ಗೆದ್ದಲು ರಾಶಿ ರಾಶಿ ಬಂದರೆ ದೀಪ ಆರಿಸಿ ಕಿಟಕಿ ಮುಚ್ಚಿ, ಅಷ್ಟೇ. ಏನೂ ಮಾಡುವುದಿಲ್ಲ ಅವು.

ಹೆಜ್ಜೇನು ಹಾಗಲ್ಲ. ಬಂಡೆಯ ಕೆಳಗೆ, ಎತ್ತರದ ಕಟ್ಟಡಕ್ಕೆ, ದೊಡ್ಡ ಮರಕ್ಕೆ ಕಟ್ಟಿರುತ್ತದೆ. ಅದರ ಕೆಳಗೆ ಹೊಗೆ, ಪಟಾಕಿ, ಡ್ರೋನು, ಕಲ್ಲು ಏನೂ ಬೇಡ. ಎದ್ದರೆ ಮುಖ ತಲೆ ಮುಚ್ಚಿಕೊಂಡು ಓಡಿ ಬಾಗಿಲು ಹಾಕುವ ಜಾಗಕ್ಕೆ ಸೇರಿ, ಕಾರೂ ಆದೀತು. ನೀರಿಗೆ ಹಾರಬೇಡಿ, ತಲೆ ಎತ್ತುವವರೆಗೆ ಕಾಯುತ್ತವೆ. ಚರ್ಮದಲ್ಲಿ ಉಳಿದ ಮುಳ್ಳನ್ನು ಎಷ್ಟು ಬೇಗ ತೆಗೆದರೆ ಅಷ್ಟು ಒಳ್ಳೆಯದು. ಉಸಿರು ಕಟ್ಟಿದರೆ, ಮುಖ ನಾಲಿಗೆ ಊದಿದರೆ, ತಲೆ ತಿರುಗಿದರೆ, ತುಂಬಾ ಕಡೆ ಕಚ್ಚಿದ್ದರೆ ಕಾಯದೆ 108ಕ್ಕೆ ಫೋನ್ ಮಾಡಿ.

ಒಣಮೀನು ಹರಡಿದ ಕಡೆ, ಬಂದರಿನ ಹತ್ತಿರ ನೊಣ ಇದ್ದೇ ಇರುತ್ತದೆ. ತೆರೆದಿಟ್ಟ ಹಣ್ಣಿನ ಚೂರು ತಿನ್ನಬೇಡಿ, ಬಿಸಿಬಿಸಿ ಮೀನು ಫ್ರೈ ತಿನ್ನಿ.

ರಾತ್ರಿ ಹೊರಗಿಟ್ಟ ಬೂಟು, ಒಣಗಲು ಹಾಕಿದ ಬಟ್ಟೆ ಬೆಳಿಗ್ಗೆ ಕೊಡವಿ ಹಾಕಿಕೊಳ್ಳಿ. ಚೇಳು, ಜರಿ ಎರಡೂ ಅಂಥ ಜಾಗ ಹುಡುಕುತ್ತವೆ.

ಈಗ ಉಣುಗು, ಅಂದರೆ ಮೈಗೆ ಕಚ್ಚಿ ಅಂಟಿಕೊಳ್ಳುವ ಉಣ್ಣೆ. ಗೋಕರ್ಣ, ಹೊನ್ನಾವರಕ್ಕೆ ಬಂದವರು ಒಂದು ದಿನ ಘಟ್ಟ ಹತ್ತಿ ಸಿದ್ದಾಪುರ, ಜೋಗದ ಕಡೆಯ ಕಾಡಿಗೂ ಹೋಗುತ್ತಾರಲ್ಲ, ಈ ಮಾತು ಅವರಿಗೆ. ಡಿಸೆಂಬರ್‌ನಿಂದ ಮೇವರೆಗೆ ಈ ಭಾಗದಲ್ಲಿ ಮಂಗನ ಕಾಯಿಲೆಯ ಹೊತ್ತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ ಇದು, ಹರಡುವುದು ಉಣುಗು. 2024ರಲ್ಲೂ ಸಿದ್ದಾಪುರದ ಕಡೆ ಜನ ಇದರಿಂದ ನರಳಿದರು. ಹೋಗುವ ಮೊದಲು ಸ್ಥಳೀಯರನ್ನು ಕೇಳಿ, ಮಂಗ ಸತ್ತಿದೆ ಅನ್ನುವ ಸುದ್ದಿ ಇರುವ ಕಾಡಿಗೆ ಹೋಗಲೇಬೇಡಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ, ತರಗೆಲೆಯ ಮೇಲೆ ಕೂರಬೇಡಿ. ರೋಗ ಇರುವ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೀಪಾ ಎಣ್ಣೆ ಕೊಡುತ್ತಾರೆ, ಹಚ್ಚಿಕೊಳ್ಳಿ. ವಾಪಸ್ ಬಂದು ಬಿಸಿನೀರು ಸೋಪಿನಲ್ಲಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಕಂಕುಳು, ಸೊಂಟದ ಪಟ್ಟಿ, ಮೊಣಕಾಲ ಹಿಂದೆ ಹುಡುಕಿ. ಕಚ್ಚಿಕೊಂಡಿದ್ದರೆ ಚಿಮ್ಟಿಯಿಂದ ಚರ್ಮಕ್ಕೆ ಅಂಟುವಷ್ಟು ಹತ್ತಿರ ಹಿಡಿದು ನೇರ ಮೇಲೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ.

ಕಚ್ಚಿದ ಮೇಲೆ

ಸೋಪು ನೀರಿನಲ್ಲಿ ತೊಳೆದು ಐಸ್ ಒತ್ತಿ, ಕ್ಯಾಲಮೈನ್ ಹಚ್ಚಿ. ರಾತ್ರಿ ತುರಿಕೆಗೆ ನಿದ್ದೆ ಬರದಿದ್ದರೆ ದೊಡ್ಡವರು ಒಂದು ಸೆಟ್ರಿಜಿನ್ ತೆಗೆದುಕೊಳ್ಳಬಹುದು. ಉಗುರು ಕತ್ತರಿಸಿಬಿಡಿ, ಮಕ್ಕಳದ್ದಂತೂ ಖಂಡಿತ. ಕರಾವಳಿಯ ಸೆಖೆಗೆ, ಬೆವರಿಗೆ, ಕೆರೆದ ಗಾಯ ಬೇಗ ಕೀವಾಗುತ್ತದೆ. ಸುತ್ತ ಕೆಂಪು ಹರಡುತ್ತಿದ್ದರೆ, ಬಿಸಿಯಾಗಿ ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸಿ. ತೆರೆದ ಗಾಯ ಇಟ್ಟುಕೊಂಡು ಅಳಿವೆಯ ಕೆಸರು ನೀರಿಗೆ ಇಳಿಯಬೇಡಿ.

ಮನೆಗೆ ಬಂದ ಮೇಲೆ ಜ್ವರ ಬಂದರೆ

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಪ್ರಯಾಣದ ಸುಸ್ತು ಅಂತ ಸುಮ್ನೆ ಮಲಗುತ್ತಾರೆ. ಡೆಂಗ್ಯೂ ಕಚ್ಚಿಸಿಕೊಂಡ 4ರಿಂದ 10 ದಿನದೊಳಗೆ ಬರುತ್ತದೆ, ಮಂಗನ ಕಾಯಿಲೆ 3ರಿಂದ 8 ದಿನ, ಮಲೇರಿಯಾಕ್ಕೆ ಒಂದು ವಾರದಿಂದ ಮೇಲೆ. ಅಂದರೆ ರಜೆ ಮುಗಿದು ಕೆಲಸಕ್ಕೆ ಹೋದ ಮೇಲೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತ ಡಾಕ್ಟರಿಗೆ ನೀವು ಕರಾವಳಿಗೆ ಹೋಗಿದ್ದು ಹೇಗೆ ಗೊತ್ತಾಗಬೇಕು? ಹೋದ ಊರು, ತಾರೀಖು, ಕಾಡಿಗೆ ಹೋಗಿದ್ದರೆ ಅದನ್ನೂ ನೀವೇ ಹೇಳಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಡೆಂಗ್ಯೂ ಆಗಿದ್ದರೆ ರಕ್ತಸ್ರಾವ ಹೆಚ್ಚಾಗುತ್ತದೆ. ನೀರು, ಗಂಜಿ ತಿಳಿ, ಎಳನೀರು, ಓಆರ್‌ಎಸ್ ಕುಡಿಯುತ್ತಾ ಇರಿ. ಮೊದಲ ಐದು ದಿನದೊಳಗಾದರೆ ಡೆಂಗ್ಯೂ ಪತ್ತೆಗೆ ಎನ್‌ಎಸ್1 ಅನ್ನುವ ರಕ್ತಪರೀಕ್ಷೆ ಮಾಡಿಸಬಹುದು. ಡೆಂಗ್ಯೂದಲ್ಲಿ ಹೆದರಬೇಕಾದದ್ದು ಜ್ವರ ಏರಿದಾಗ ಅಲ್ಲ, ಮೂರರಿಂದ ಏಳನೇ ದಿನದ ನಡುವೆ ಜ್ವರ ಇಳಿಯುವಾಗ. ಆಗ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತೀರಾ ನಿತ್ರಾಣ ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ.

ಮಲೇರಿಯಾ ರಕ್ತಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಒಂದು ಸಲ ಇಲ್ಲ ಅಂತ ಬಂದರೂ ಚಳಿಜ್ವರ ಮರುಕಳಿಸಿದರೆ ಒಂದೆರಡು ದಿನ ಬಿಟ್ಟು ಮತ್ತೆ ಮಾಡಿಸಿ. ವೈವ್ಯಾಕ್ಸ್ ಅನ್ನುವ ಬಗೆಯ ಮಲೇರಿಯಾ ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಏಳುವುದುಂಟು, ಹಾಗಾಗಿ ಡಿಸೆಂಬರ್ ರಜೆಯ ಸಂಗತಿಯನ್ನು ಏಪ್ರಿಲ್‌ನಲ್ಲಿ ಜ್ವರ ಬಂದರೂ ಹೇಳಬೇಕು. ಅದಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆ 14 ದಿನದ್ದು. ಮೂರನೇ ದಿನಕ್ಕೇ ಜ್ವರ ಬಿಟ್ಟಿತು ಅಂತ ನಿಲ್ಲಿಸಬೇಡಿ, ಡಾಕ್ಟರು ಬರೆದಷ್ಟನ್ನೂ ನುಂಗಿ ಮುಗಿಸಿ.